ಗುಡ್ಡವು ಹೋಯಿತು, ನಕಾಶೆಯೂ ಹೋಗಬೇಕೆ?

“ಹಳೆಯ ನಕಾಶೆಗಳನ್ನು ಕೆದಕುವುದರಿಂದ ಬರುವ ಲಾಭವೇನು?” ಎಂಬ ಪ್ರಶ್ನೆಯು ಚಿಕ್ಕಮಗಳೂರು ಜಿಲ್ಲೆಯ ವಿದ್ಯಾವಂತರ ಬಾಯಿಂದಲೇ ಹೊರಡುವುದುಂಟು. ಹೀಗೆ ಕೇಳುವವರಲ್ಲಿ ಅಧಿಕಾರಿಗಳಿರುವರು, ತೋಟದ ಒಡೆಯರಿರುವರು, ಕಾಡನ್ನು ಮನಸಾರೆ ಪ್ರೀತಿಸುವ ಸಜ್ಜನರೂ ಇರುವರು. ಒಬ್ಬೊಬ್ಬರಿಗೆ ಒಂದೊಂದು ಕಾರಣ. ಉಪಗ್ರಹದ ಚಿತ್ರಗಳು ಅಂಗೈಯಲ್ಲಿಯೇ ದೊರೆಯುತ್ತಿರುವಾಗ ಗೆದ್ದಲು ಹಿಡಿದ ಬಟ್ಟೆಯ ನಕಾಶೆ ಏತಕ್ಕೆಂದು ಒಬ್ಬರು. ಗಣಿಯ ಕಥೆ ಮುಗಿಯಿತಷ್ಟೆ, ಕಾಡು ತನ್ನ ಗಾಯವನ್ನು ತಾನೇ ಮುಚ್ಚಿಕೊಳ್ಳಲೆಂದು ಇನ್ನೊಬ್ಬರು. ಮೂರನೆಯವರು ಮಾತ್ರ ತಮ್ಮ ಕಾರಣವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆ ಮೂರನೆಯವರ ಮೌನವು ಮಿಕ್ಕವರ ವಾದಕ್ಕಿಂತ ಬಲವಾದುದಾದ ಕಾರಣ ಅದನ್ನು ಕೊನೆಯಲ್ಲಿ ವಿಚಾರಿಸುವುದೇ ಯುಕ್ತವು.

ಮೊದಲು ಸಂಗತಿ ಏನೆಂಬುದನ್ನು ನೋಡತಕ್ಕದ್ದು. ಕಳಸದಿಂದ ಸಂಸೆಯ ದಾರಿಯಾಗಿ ಪಶ್ಚಿಮಕ್ಕೆ ಹೋದರೆ ಭದ್ರಾ ನದಿಯ ತಲೆಹೊಳೆಗಳು ಕೂಡುವ ಕಣಿವೆಯೊಂದು ಸಿಕ್ಕುತ್ತದೆ. ವರ್ಷಕ್ಕೆ ಸುಮಾರು 7,000 ಮಿಲಿಮೀಟರು ಮಳೆ ಬೀಳುವ ಸೀಮೆ. ಮೇಲೆ ಹುಲ್ಲಿನ ಬೋಳು ಗುಡ್ಡ, ಸಂದಿಯಲ್ಲಿ ಶೋಲೆಯ ಕಾಡು. ಇಲ್ಲಿಯ ಗುಡ್ಡಗಳಲ್ಲಿ ಅಯಸ್ಕಾಂತದ ಗುಣವುಳ್ಳ ಕಬ್ಬಿಣದ ಅದಿರಿದೆಯೆಂಬುದನ್ನು 1913ರಲ್ಲಿ ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯ ಸಂಪತ್ ಅಯ್ಯಂಗಾರ್ಯರು ಗುರುತಿಸಿದರು. ಅದಿರು ಬಡ ಜಾತಿಯದು. ನೂರಕ್ಕೆ ನಲವತ್ತು ಪಾಲಿಗಿಂತಲೂ ಕಡಿಮೆ ಕಬ್ಬಿಣ. ಆದಕಾರಣ ಅರವತ್ತು ವರ್ಷಗಳಷ್ಟು ಕಾಲ ಅದು ಗುಡ್ಡದಲ್ಲಿಯೇ ಉಳಿಯಿತು. 1975ರಲ್ಲಿ ಇರಾನ್ ದೇಶದೊಡನೆ ಒಪ್ಪಂದವಾಯಿತು; 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪೆನಿಯು ಸ್ಥಾಪಿತವಾಯಿತು; 1979ರಲ್ಲಿ ಇರಾನಿನ ಅರಸೊತ್ತಿಗೆಯೇ ಉರುಳಿ ಹಣ ಕೊಡುವವರು ಕೈ ಹಿಂತೆಗೆದರೂ 1980ರಲ್ಲಿ ಗಣಿಯು ಆರಂಭವಾಗಿಯೇ ಹೋಯಿತು. ಗುತ್ತಿಗೆಯ ವಿಸ್ತಾರ 4,604 ಹೆಕ್ಟೇರಿಗೆ ಮಿಗಿಲು. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಕಲ್ಲನ್ನು ಹಿಟ್ಟಿನಂತೆ ಅರೆದು, ಸಾರವನ್ನು ನೀರಿನೊಡನೆ ಕಲಸಿ, 67 ಕಿಲೋಮೀಟರು ಉದ್ದದ ಕೊಳವೆಯ ಮೂಲಕ ಘಟ್ಟ ಇಳಿಸಿ ಮಂಗಳೂರಿಗೆ ಸಾಗಿಸಿದರು.

ಅರೆದುದರಲ್ಲಿ ಸಾರವೆಷ್ಟು, ಚರಟವೆಷ್ಟು? ಯೋಜನೆಯ ಲೆಕ್ಕದಂತೆ ವರ್ಷಕ್ಕೆ ಸುಮಾರು 225 ಲಕ್ಷ ಟನ್ ಅದಿರನ್ನು ಅಗೆದು 75 ಲಕ್ಷ ಟನ್ ಸಾರವನ್ನು ಪಡೆಯತಕ್ಕದ್ದು. ಎಂದರೆ ಮೂರು ಪಾಲಿನಲ್ಲಿ ಒಂದು ಪಾಲು ಕಡಲಿಗೆ ಹೋಯಿತು, ಎರಡು ಪಾಲು ಮಲೆನಾಡಿನಲ್ಲಿಯೇ ನಿಂತಿತು. ಎಲ್ಲಿ ನಿಂತಿತು? ಭದ್ರೆಯ ಉಪನದಿಯಾದ ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು 100 ಮೀಟರು ಎತ್ತರದ ಒಡ್ಡನ್ನು ಕಟ್ಟಿ, ಅದರ ಹಿಂದಿನ ಕಣಿವೆಯನ್ನು ಈ ಹೂಳಿನಿಂದ ತುಂಬಿಸಿದರು. 2002ರ ಅಕ್ಟೋಬರ್ 30ರಂದು ಕೆ. ಎಂ. ಚಿನ್ನಪ್ಪನವರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು, 2005ರ ಕೊನೆಯ ದಿವಸಕ್ಕೆ ಅಗೆತವು ನಿಂತಿತು. ಈಗ ಆ ಸ್ಥಳವು 1987ರಲ್ಲಿ ಘೋಷಿತವಾದ ರಾಷ್ಟ್ರೀಯ ಉದ್ಯಾನದ ಮಡಿಲಲ್ಲಿದೆ. 2012ರಿಂದ ಈ ಉದ್ಯಾನವು ಪಶ್ಚಿಮಘಟ್ಟದ ವಿಶ್ವಪರಂಪರೆಯ ತಾಣಗಳಲ್ಲಿ ಒಂದು.

ಇಷ್ಟೂ ಸಂಗತಿಯು ಎಲ್ಲರಿಗೂ ಗೊತ್ತಿರತಕ್ಕದ್ದೇ. ಆದರೆ ಒಂದು ಸಣ್ಣ ಪ್ರಶ್ನೆಯನ್ನು ಕೇಳಿದೊಡನೆ ಪಂಡಿತರೂ ತಡವರಿಸುವರು. ಲಕ್ಯಾದ ಹೂಳಿನ ಕೆಳಗೆ ಏನಿತ್ತು? ಕಣಿವೆಯ ತಳವು ಎಷ್ಟು ಆಳದಲ್ಲಿತ್ತು, ಎಷ್ಟು ತೊರೆಗಳು ಎಡಬಲದಿಂದ ಬಂದು ಕೂಡುತ್ತಿದ್ದವು, ಗದ್ದೆಬೈಲು ಎಲ್ಲಿಯವರೆಗೆ ಹಬ್ಬಿತ್ತು, ಕಾಲುದಾರಿ ಯಾವ ಕಣಿವೆಬಾಯಿಯಿಂದ ಹೊರಟು ಯಾವ ಊರನ್ನು ಮುಟ್ಟುತ್ತಿತ್ತು? ಕಡಿದುಹೋದ ಗುಡ್ಡದ ತಲೆ ಯಾವ ಎತ್ತರದಲ್ಲಿತ್ತು? ಈ ಪ್ರಶ್ನೆಗಳಿಗೆ ನೆಲವು ಉತ್ತರ ಕೊಡಲಾರದು, ನೆಲವೇ ಅಲ್ಲಿಲ್ಲ. ಉಳಿದಿರುವ ಸಾಕ್ಷಿಗಳು ಎರಡು. ಒಂದು, ಸಂಸೆ-ಕಳಸ ಸೀಮೆಯ ವೃದ್ಧರ ನೆನಪು. ಎರಡು, ಗಣಿಗೆ ಮೊದಲು ಅಳೆದು ಬರೆದ ಕಾಗದ.

ಆ ಕಾಗದವು ಒಂದೇ ದಿನದಲ್ಲಿ ಹುಟ್ಟಿದುದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಕೂಡಲೇ ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯ ಮೋಜಣಿಯನ್ನು ಕೈಕೊಂಡು, ಸುಮಾರು 40,000 ಚದರ ಮೈಲಿಗಳನ್ನು ಬರಹಕ್ಕಿಳಿಸಿದನು. ನಾಡಿನ ಭಾಷೆಗಳನ್ನು ಬಲ್ಲ ಕಾವಲಿ ವೆಂಕಟ ಬೋರಯ್ಯನಂಥವರ ನೆರವಿಲ್ಲದಿದ್ದರೆ ಅವನಿಗೆ ಊರುಗಳ ಕೈಫಿಯತ್ತು ಒತ್ತಟ್ಟಿಗಿರಲಿ, ಊರುಗಳ ಹೆಸರೂ ದೊರೆಯುತ್ತಿರಲಿಲ್ಲ. ಅದೇ ಕಾಲದಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬವನು 1800ರಲ್ಲಿ ಬೆಂಗಳೂರಿನ ಬಳಿ ಸರಪಳಿ ಹಾಸಿ, 1802ರಲ್ಲಿ ಮದ್ರಾಸಿನಲ್ಲಿ ಮತ್ತೆ ಹಾಸಿ, ಅರ್ಧ ಟನ್ ತೂಗುವ ಯಂತ್ರವನ್ನು ಬೆಟ್ಟದಿಂದ ಬೆಟ್ಟಕ್ಕೆ ಹೊರಿಸಿ, ತ್ರಿಕೋಣಗಳ ಮಾಲೆಯನ್ನು ಮಂಗಳೂರಿನವರೆಗೆ ತಂದನು. ಪರ್ಯಾಯದ್ವೀಪದ ಅಗಲವು 400 ಮೈಲಿಯೆಂದು ನಂಬಿದ್ದುದು 360 ಮೈಲಿಗೆ ಇಳಿಯಿತು. ಕಾಗದದ ಮೇಲಿದ್ದ 40 ಮೈಲಿಯಷ್ಟು ಕಂಪೆನಿ ಸರಕಾರದ ರಾಜ್ಯವು ಲೆಕ್ಕಾಚಾರದಲ್ಲಿ ಕರಗಿಹೋಯಿತು! ತರುವಾಯ 1863ರಿಂದ ಮೈಸೂರಿನಲ್ಲಿ ಕಂದಾಯ ಮೋಜಣಿಯು ಬಂತು. ಮೂವತ್ತಮೂರು ಅಡಿಯ, ಹದಿನಾರು ಆಣೆಯ ಸರಪಳಿಯಿಂದ ಹೊಲಗದ್ದೆಗಳಿಗೆ ಸರ್ವೆ ನಂಬರು ಬಿತ್ತು, ಬಾಂದುಕಲ್ಲು ನೆಟ್ಟಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಪಾದದಲ್ಲಿ ಸಂಸ್ಥಾನದ ಸ್ಥಳವಿವರಣ ಮೋಜಣಿಯು ನಡೆಯಿತು. 1905ರ ಬಳಿಕ ಸರ್ವೆ ಆಫ್ ಇಂಡಿಯಾ ಇಲಾಖೆಯು ಹಳೆಯ ಗೆರೆಗೀರುಗಳ ಗುಡ್ಡಗಳನ್ನು ಬಿಟ್ಟು, ಸಮೋನ್ನತಿ ರೇಖೆಗಳುಳ್ಳ ಬಣ್ಣದ ಹಾಳೆಗಳನ್ನು ಹೊರಡಿಸತೊಡಗಿತು. ಚಿಕ್ಕಮಗಳೂರು, ಮೂಡಿಗೆರೆ, ಕಳಸ, ಕುದುರೆಮುಖ, ಇವೆಲ್ಲವೂ 48 ಓ ಎಂಬ ಒಂದೇ ಅಂಶದ ಹಾಳೆಯೊಳಗೆ ಅಡಗಿವೆ. ಮೈಲಿಗೆ ಒಂದು ಅಂಗುಲದಂತೆ ಬರೆದಾಗ ಅದು ಹದಿನಾರು ಹಾಳೆಯಾಗುತ್ತದೆ. ಹೊಳೆ ನೀಲಿ, ಕಾಡು ಹಸುರು, ಗುಡ್ಡದ ರೇಖೆ ಕಂದು.

ಆ ಕಂದು ರೇಖೆಗಳ ಬೆಲೆಯನ್ನು ತಿಳಿಯದವರೇ ಹಳೆಯ ನಕಾಶೆಯನ್ನು ಹಳಿಯುವರು. ಒಂದು ರೇಖೆಯ ಮೇಲಿರುವ ಸ್ಥಳಗಳೆಲ್ಲವೂ ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುವವು. ಮೈಲಿಗೊಂದು ಅಂಗುಲದ ಹಾಳೆಗಳಲ್ಲಿ ಒಂದು ರೇಖೆಗೂ ಇನ್ನೊಂದಕ್ಕೂ ಸಾಮಾನ್ಯವಾಗಿ 50 ಅಡಿಯ ಅಂತರ. ಆದುದರಿಂದ ಕಡಿಯುವುದಕ್ಕೆ ಮೊದಲಿನ ಗುಡ್ಡದ ರೇಖೆಗಳ ಮೇಲೆ ಇಂದಿನ ಮಟ್ಟವನ್ನಿಟ್ಟು ನೋಡಿದರೆ ಎಷ್ಟು ಗುಡ್ಡವು ಹೋಯಿತೆಂಬುದು ಗೊತ್ತಾಗುತ್ತದೆ. ತುಂಬುವುದಕ್ಕೆ ಮೊದಲಿನ ಕಣಿವೆಯ ರೇಖೆಗಳನ್ನು ಇಂದಿನ ಹೂಳಿನ ಮಟ್ಟದಿಂದ ಕಳೆದರೆ ಹೂಳಿನ ಆಳವು ಎಲ್ಲೆಲ್ಲಿ ಎಷ್ಟೆಂಬುದು ತಿಳಿಯುತ್ತದೆ. ಕಣಿವೆಯ ಮೂಲ ತಳವು ಯಾವ ಕಡೆಗೆ ಇಳಿಜಾರಾಗಿತ್ತು, ತುಂಬಿದ ಹೂಳಿನ ಅಡಿಯಲ್ಲಿ ಹಳೆಯ ತೊರೆಗಳು ಯಾವ ಹಾದಿಯಲ್ಲಿ ಇನ್ನೂ ಜಿನುಗುತ್ತಿರಬಹುದು ಎಂಬ ಊಹೆಗೂ ಇದೇ ಆಧಾರ. ಅಂಗುಲಕ್ಕೊಂದು ಮೈಲಿಯ ಹಾಳೆಯಿಂದ ಸೂಕ್ಷ್ಮವಾದ ಲೆಕ್ಕ ಹೊರಡದೆಂಬುದು ನಿಜ. ಅದಕ್ಕಾಗಿಯೇ ಗಣಿಯವರೇ ಬರೆಯಿಸಿದ ದೊಡ್ಡ ಅಳತೆಯ ನಕಾಶೆಗಳೂ, ಕಂದಾಯದ ಗ್ರಾಮನಕಾಶೆಗಳೂ ಬೇಕೆನ್ನುವುದು. ಮೂರನ್ನೂ ಒಂದರ ಮೇಲೊಂದಿಟ್ಟು ನೋಡುವುದು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ. ಕಾಗದವನ್ನು ಅವರ ಕೈಗೆ ಕೊಡುವವರು ಬೇಕು, ಅಷ್ಟೆ.

ಸುಪ್ರೀಂ ಕೋರ್ಟಿನ ತೀರ್ಪೇ ಒಂದು ನಕಾಶೆಯ ಗೆರೆಯ ಮೇಲೆ ನಿಂತಿತ್ತೆಂಬುದನ್ನು ಇಲ್ಲಿ ನೆನೆಯಬಹುದು. “ಈಗಾಗಲೇ ಅಗೆದ ಪ್ರದೇಶ”ದೊಳಗೆ ಮಾತ್ರ 2005ರವರೆಗೆ ಅಗೆಯಬಹುದೆಂದಾಯಿತಷ್ಟೆ. ಅಗೆದುದು ಎಲ್ಲಿಗೆ ಮುಗಿಯಿತು, ಅಗೆಯದುದು ಎಲ್ಲಿಂದ ತೊಡಗಿತು? ಗಂಗಡಿಕಲ್ಲು, ನೆಲ್ಲಿಬೀಡು ಮೊದಲಾದ ಕಡೆಗಳಲ್ಲಿಯೂ ಅದಿರಿತ್ತು. ಒಂದು ಗೆರೆಯು ಬೆರಳಗಲ ಆಚೆಗೆ ಸರಿದಿದ್ದರೆ ಒಂದು ಗುಡ್ಡವು ಸರಿಯುತ್ತಿತ್ತು.

ಹೆಸರುಗಳ ವಿಷಯವು ಇನ್ನೂ ಸೂಕ್ಷ್ಮವಾದುದು. ಗಣಿಯ ಪಟ್ಟಣವೆದ್ದ ಸ್ಥಳದ ಹೆಸರು ಮಲ್ಲೇಶ್ವರ. ಕುದುರೆಮುಖವೆಂಬುದು 1,894 ಮೀಟರು ಎತ್ತರದ ಶಿಖರದ ಹೆಸರು. ಸಂಸೆಯ ಕಡೆಯಿಂದ ಹತ್ತುತ್ತಿದ್ದುದರಿಂದ ಸಂಸೆಪರ್ವತವೆಂದೂ ಅದನ್ನು ಕರೆಯುತ್ತಿದ್ದರು. ಕಂಪೆನಿಯು ಶಿಖರದ ಹೆಸರನ್ನು ತೆಗೆದುಕೊಂಡಿತು, ಪಟ್ಟಣವು ಕಂಪೆನಿಯ ಹೆಸರನ್ನು ತೆಗೆದುಕೊಂಡಿತು, ಮಲ್ಲೇಶ್ವರವು ಹಿಂದೆ ಸರಿಯಿತು. ಇಂದು ದಾರಿಹೋಕರು ಪಟ್ಟಣವನ್ನು ತೋರಿಸಿ ಕುದುರೆಮುಖವೆನ್ನುವರು. ಕುದುರೆಯ ಮುಖವಾದರೋ ಬೇರೆ ಕಡೆಗೆ ತಿರುಗಿ ನಿಂತಿದೆ. ಇದು ಕೇವಲ ವಿನೋದದ ಮಾತಲ್ಲ. ಮಲೆನಾಡಿನ ಹೆಸರುಗಳಲ್ಲಿ ನೆಲದ ಗುಣವೇ ಅಡಗಿರುತ್ತದೆ. ಬೈಲು ಎಂದರೆ ಕಣಿವೆಯ ಗದ್ದೆ, ಮಕ್ಕಿ ಎಂದರೆ ಮಳೆಯನ್ನೇ ನಂಬಿದ ಎತ್ತರದ ಗದ್ದೆ, ಹಡ್ಲು ಎಂದರೆ ಜೌಗು, ಕಾನು ಎಂದರೆ ಬೆಳಕು ಹೊಗದ ಮೆಣಸಿನ ಕಾಡು. ಬಾಬಾಬುಡನ್ ಗಿರಿಸಾಲಿನ ಕೆಮ್ಮಣ್ಣುಗುಂಡಿಯನ್ನೇ ನೋಡಬಹುದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಕುಲುಮೆ ಹೊತ್ತಿಸಿದಾಗ ಅದಿರು ಅಲ್ಲಿಂದ ಇಳಿಯಿತು; ಆದರೆ ಅಲ್ಲಿಯ ಮಣ್ಣು ಕೆಂಪೆಂಬುದನ್ನು ಯಾವ ಭೂಗರ್ಭ ಶಾಸ್ತ್ರಜ್ಞನೂ ಊರವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಅವರು ಅದನ್ನು ಹೆಸರಿನಲ್ಲಿಯೇ ಬರೆದಿಟ್ಟಿದ್ದರು. ಇಂಥ ಹೆಸರುಗಳು ಇಂಗ್ಲಿಷು ಲಿಪಿಯ ಹಾಳೆಗಳಿಗೆ ಏರಿದಾಗ ಡಕಾರ ರಕಾರಗಳು ಒಂದಾಗಿ, ಳಕಾರ ಲಕಾರಗಳು ಒಂದಾಗಿ, ಹಡ್ಲು ಹರ್ಲುವಾಗುವುದೂ ಹಳ್ಳಿ ಹಲ್ಲಿಯಾಗುವುದೂ ಸಹಜ. ಅವನ್ನು ಊರವರ ಬಾಯಿಂದ ಕೇಳಿ ಕನ್ನಡದಲ್ಲಿ ತಿದ್ದಿ ಬರೆಯತಕ್ಕ ಕೆಲಸವು ಎರಡು ನೂರು ವರ್ಷಗಳಿಂದ ಬಾಕಿಯಿದೆ. ಬೋರಯ್ಯನು ಪರರ ಸಂಬಳಕ್ಕೆ ಮಾಡಿದುದನ್ನು ಜಿಲ್ಲೆಯ ಸಾಹಿತ್ಯಾಭಿಮಾನಿಗಳು ತಮ್ಮ ಅಭಿಮಾನಕ್ಕಾದರೂ ಮಾಡಬೇಡವೇ?

ಇನ್ನು ವಾದಗಳು. ಉಪಗ್ರಹದ ಚಿತ್ರವು ಸಾಕೆನ್ನುವವರು ಮರೆಯುವ ಸಂಗತಿಯು ಬಹಳ ಸರಳವಾದುದು. ಉಪಗ್ರಹಕ್ಕೆ ವಯಸ್ಸು ಸಾಲದು. ಭೂಮಿಯನ್ನು ಕ್ರಮವಾಗಿ ಚಿತ್ರಿಸುವ ಮೊದಲನೆಯ ಲ್ಯಾಂಡ್‌ಸ್ಯಾಟ್ ಉಪಗ್ರಹವು ಮೇಲೇರಿದುದು 1972ರಲ್ಲಿ. ಭಾರತದ ಸ್ವಂತ ದೂರಸಂವೇದಿ ಉಪಗ್ರಹವು 1988ರಲ್ಲಿ, ಎಂದರೆ ಗಣಿಯು ಎಂಟು ವರ್ಷ ಅಗೆದ ಮೇಲೆ. 2006ರ ಅರಣ್ಯ ಹಕ್ಕುಗಳ ಕಾನೂನನ್ನು ತೆಗೆದು ಓದಿದರೆ ಈ ಕೊರತೆಯ ಅರ್ಥವಾಗುವುದು. ಬುಡಕಟ್ಟಿನವರಲ್ಲದ ಕಾಡುವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಎಂದರೆ 75 ವರ್ಷ, ಅಲ್ಲಿದ್ದರೆಂದು ತೋರಿಸಬೇಕು. ಲೆಕ್ಕ ಹಾಕಿದರೆ 1930ಕ್ಕೆ ಹೋಗುತ್ತದೆ. 1930ರಲ್ಲಿ ಕುದುರೆಮುಖದ ಮೇಲೆ ಯಾವ ಉಪಗ್ರಹವು ಹಾರುತ್ತಿತ್ತು? ಅದೇ ಕಾನೂನಿನ ನಿಯಮಗಳಲ್ಲಿ ಸಾಕ್ಷ್ಯಗಳ ಪಟ್ಟಿಯೊಂದಿದೆ. ಗೆಜೆಟಿಯರು, ಜನಗಣತಿ, ಮೋಜಣಿಯ ವರದಿ, ನಕಾಶೆ, ಇವೆಲ್ಲವೂ ಅಲ್ಲಿ ಸೇರಿವೆ. ಗೆರೆಯೆಳೆದು ಬರೆದ ಗುಡಿಸಲಿನ ಒಂದು ಕಪ್ಪು ಚುಕ್ಕೆಯು ಒಂದು ಮನೆತನದ ನಿಲುಕಡೆಯಾಗಬಲ್ಲದು. ಬುಡಕಟ್ಟಿನವರಾದ ಮಲೆಕುಡಿಯರಿಗೆ ಈ 75 ವರ್ಷದ ಷರತ್ತಿಲ್ಲವಾದರೂ, ಉದ್ಯಾನದ ಒಳಗಿನ ತಮ್ಮ ನೆಲೆಯನ್ನು ತೋರಿಸುವ ಹೊರೆಯು ಅವರ ಮೇಲೂ ಇದೆ. ಪಟ್ಟಣದಲ್ಲಿ ಕುಳಿತು ಹಳೆಯ ಕಾಗದವನ್ನು ಹಾಸ್ಯಮಾಡುವವರು ತಮ್ಮ ಮನೆಯ ಕ್ರಯಪತ್ರವನ್ನು ಮಾತ್ರ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವರು!

ಉಪಗ್ರಹವನ್ನೇ ನಂಬಿ ಗೆರೆಯೆಳೆದುದರ ಫಲವನ್ನೂ ಜಿಲ್ಲೆಯು ಕಂಡಿದೆ. ಗಾಡ್ಗೀಳರ ಸಮಿತಿಯು 2011ರಲ್ಲಿ ಘಟ್ಟವನ್ನು ಸುಮಾರು ಒಂಬತ್ತು ಕಿಲೋಮೀಟರು ಅಗಲದ ಚೌಕಗಳಾಗಿ ಒಡೆದು ನೋಡಿತು. ಕಸ್ತೂರಿರಂಗನ್ನರ ಸಮಿತಿಯು 2013ರಲ್ಲಿ ಗ್ರಾಮವನ್ನೇ ಘಟಕವಾಗಿಟ್ಟುಕೊಂಡು, ಮೇಲಿನಿಂದ ತೆಗೆದ ಚಿತ್ರಗಳ ಬಲದಿಂದ ಸೂಕ್ಷ್ಮಪ್ರದೇಶವನ್ನು ಗೊತ್ತುಮಾಡಿತು. ಕರಡು ಆಜ್ಞೆಯು ಮತ್ತೆ ಮತ್ತೆ ಹೊರಟು, 2024ರ ಜುಲೈನಲ್ಲಿ ಆರನೆಯ ಬಾರಿಗೆ ಹೊರಟಿತು. ಮೇಲಿನಿಂದ ನೋಡಿದ ಕಣ್ಣಿಗೆ ನೆರಳಿನ ಮರಗಳ ಕೆಳಗಿನ ಕಾಫಿಯೂ ಕಾಡಿನಂತೆಯೇ ಹಸುರಾಗಿ ಕಂಡಿತೆಂಬುದು ತೋಟದವರ ದೂರು. ಆ ದೂರಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಅದಕ್ಕೆ ಮದ್ದು ಪ್ರತಿಭಟನೆಯ ಫಲಕವಲ್ಲ. ಇಲ್ಲಿ ತೋಟವು ಎಂದಿನಿಂದ ತೋಟ, ಕಾನು ಎಂದಿನಿಂದ ಕಾನು ಎಂದು ತೋರಿಸಬಲ್ಲ ಹಳೆಯ ನಕಾಶೆ. ಅದನ್ನು ತೆಗೆದು ತೋರಿಸಿ ಎಂದರೆ ದೂರು ಕೊಟ್ಟವರಲ್ಲಿ ಕೆಲವರು ಏಕೋ ಹಿಂಜರಿಯುವರು. ಇದನ್ನು ಮುಂದೆ ನೋಡೋಣವಾಗಲಿ.

ಅಧಿಕಾರವರ್ಗದವರ ಆಕ್ಷೇಪವು ಗೋಪ್ಯದ್ದು. ಕರಾವಳಿಗೂ ಗಡಿಗೂ ಸಮೀಪವಾದ ಹಾಳೆಗಳು ಬಹುಕಾಲ ಸಾಮಾನ್ಯರಿಗೆ ನಿಷಿದ್ಧವಾಗಿದ್ದವು. 2005ರ ರಾಷ್ಟ್ರೀಯ ನಕಾಶೆ ನೀತಿಯು ಸೈನ್ಯಕ್ಕೊಂದು, ಜನಕ್ಕೊಂದು ಎಂದು ಎರಡು ಮಾಲಿಕೆಗಳನ್ನು ಮಾಡಿತು. 2021ರ ಫೆಬ್ರವರಿಯಲ್ಲಿ ಕೇಂದ್ರಸರಕಾರವು ಭಾರತೀಯರಿಗೆ ಭೂವಿವರಗಳ ಮೇಲಿದ್ದ ಕಟ್ಟುಗಳನ್ನು ಬಹುಮಟ್ಟಿಗೆ ಸಡಿಲಿಸಿತು. ಕಟ್ಟು ಸಡಿಲಿದರೂ ಕಚೇರಿಯ ಅಭ್ಯಾಸವು ಸಡಿಲಿಲ್ಲ. ವಿಚಿತ್ರವೇನೆಂದರೆ, ಅಮೆರಿಕದ ಸೈನ್ಯದವರು ಇಪ್ಪತ್ತನೆಯ ಶತಮಾನದ ನಡುವೆ ಭಾರತಕ್ಕೆ ಅಚ್ಚುಹಾಕಿಸಿದ ಎರಡೂವರೆ ಲಕ್ಷಕ್ಕೊಂದರ ಅಳತೆಯ ನಕಾಶೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾನಿಲಯದ ಗ್ರಂಥಭಂಡಾರವು ಅಂತರ್ಜಾಲದಲ್ಲಿ ಯಾರಿಗೆ ಬೇಕಾದರೂ ತೋರಿಸುತ್ತಿದೆ. ಕಳಸದ ಪಾಠಶಾಲೆಯ ಹುಡುಗನು ಗಣಿಗೆ ಮೊದಲಿನ ತನ್ನ ಸೀಮೆಯನ್ನು ಕಾಣಬೇಕಾದರೆ ಟೆಕ್ಸಾಸಿನ ಬಾಗಿಲು ತಟ್ಟಬೇಕು! ಗೋಪ್ಯವು ಯಾರಿಂದ? ಯಾರಿಗೋಸ್ಕರ?

ಗಣಿಯಿದ್ದ ಬೇರೆ ಸೀಮೆಗಳವರು ಏನು ಮಾಡಿದರೆಂಬುದೂ ವಿಚಾರಾರ್ಹ. ಬ್ರಿಟನ್ನಿನ ಕಲ್ಲಿದ್ದಲಿನ ಹಳ್ಳಿಗಳಲ್ಲಿ, ಗಣಿಯನ್ನು ಬಿಟ್ಟುಹೋಗುವ ಒಡೆಯನು ಅದರ ನಕಾಶೆಯನ್ನು ಸರಕಾರಕ್ಕೆ ಒಪ್ಪಿಸಿಯೇ ಹೋಗಬೇಕೆಂದು 1872ರಲ್ಲಿಯೇ ಕಾನೂನಾಯಿತು. ಪಕ್ಕದ ಗಣಿಯ ಕೂಲಿಗಳು ಹಳೆಯ ಸುರಂಗಕ್ಕೆ ತೂತು ಕೊರೆದು ನೀರಿಗೆ ಸಿಕ್ಕಿ ಸಾಯಬಾರದೆಂಬುದು ಅದರ ಉದ್ದೇಶ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು ಹಿಂದಿನ ಶತಮಾನದ ಮೈಲಿಗೆ ಆರು ಅಂಗುಲದ ಹಾಳೆಗಳನ್ನು ಲೋಕಕ್ಕೆಲ್ಲ ಬಿಚ್ಚಿಟ್ಟಿದೆ. ಆದರೂ ನಕಾಶೆಯಿದ್ದು ನೋಡದಿದ್ದರೆ ಆಗುವ ಗತಿಗೆ ಅದೇ ದೇಶದ ವೇಲ್ಸ್ ಸೀಮೆಯ ಅಬರ್‌ಫಾನ್ ಎಂಬ ಊರೇ ಸಾಕ್ಷಿ. ಅಲ್ಲಿಯ ಗಣಿಯವರು ಕಲ್ಲಿದ್ದಲಿನ ಕಸವನ್ನು ಊರಿನ ಮೇಲಣ ಬೆಟ್ಟದಲ್ಲಿ, ನೀರಿನ ಒರತೆಯಿದ್ದ ಜಾಗದಲ್ಲಿ ರಾಶಿಹಾಕಿದರು. ಆ ನೀರು ಸರಕಾರದ ನಕಾಶೆಯಲ್ಲಿ ಗುರುತಾಗಿತ್ತು. 1966ರ ಅಕ್ಟೋಬರ್ 21ರ ಬೆಳಗ್ಗೆ ರಾಶಿಯು ಜಾರಿ ಪಾಠಶಾಲೆಯ ಮೇಲೆ ಬಿತ್ತು. 144 ಜನ ಸತ್ತರು, ಅವರಲ್ಲಿ 116 ಮಂದಿ ಮಕ್ಕಳು.

2019ರ ಆಗಸ್ಟಿನಲ್ಲಿ ಮೂಡಿಗೆರೆ ಸೀಮೆಯ ಮಲೆಮನೆ, ಮಧುಗುಂಡಿಗಳ ಕಡೆ ಗುಡ್ಡ ಕುಸಿದು ಮನೆಗದ್ದೆಗಳು ಮಣ್ಣುಪಾಲಾದುದನ್ನು ಮರೆತವರಿಲ್ಲ. ಹಳೆಯ ನಕಾಶೆಯು ಕೈಯಲ್ಲಿದ್ದರೆ ಆ ಅನಾಹುತವು ತಪ್ಪುತ್ತಿತ್ತೆನ್ನುವುದು ಅತಿಶಯೋಕ್ತಿಯಾದೀತು. ಆದರೆ ಮುಂದೆ ರಸ್ತೆಯನ್ನು ಕಡಿಯುವವರು, ಧರೆಯನ್ನು ತೆಗೆದು ಮನೆಯನ್ನೋ ವಸತಿಗೃಹವನ್ನೋ ಎಬ್ಬಿಸುವವರು, ತಮ್ಮ ಅಡಿಪಾಯದ ಕೆಳಗೆ ನೂರು ವರ್ಷದ ಹಿಂದೆ ನೀಲಿ ಗೆರೆಯೊಂದಿತ್ತೇ ಎಂದು ನೋಡಿಕೊಳ್ಳುವುದರಿಂದ ಯಾರ ಗಂಟು ಹೋಗುವುದು? ಹಳ್ಳವನ್ನು ಮುಚ್ಚಬಹುದು, ಆಷಾಢದಲ್ಲಿ ಅದು ತನ್ನ ಹಾದಿಯನ್ನು ನೆನಪಿಟ್ಟುಕೊಂಡು ಬರುತ್ತದೆ. ಲಕ್ಯಾದ ಒಡ್ಡಿನ ಹಿಂದೆ ನಿಂತಿರುವ ಹೂಳಾದರೋ ಕೆಳಗಿನ ಭದ್ರೆಯ ದಡದವರಿಗೆಲ್ಲ ಸಂಬಂಧಪಟ್ಟುದು. ಭಾರತದಲ್ಲಿಯೂ 2003ರಿಂದ ಗಣಿಯನ್ನು ಮುಚ್ಚುವ ಯೋಜನೆಯನ್ನು ಒಪ್ಪಿಸಬೇಕೆಂಬ ನಿಯಮವಿದೆ. ನಿಯಮವು ಕಾಗದವನ್ನು ಕಚೇರಿಗೆ ತರಿಸುತ್ತದೆ; ಕಚೇರಿಯಿಂದ ಬಾಳೆಹೊನ್ನೂರಿನ ಗದ್ದೆಯವನ ಕಣ್ಣಿಗೆ ತರುವವರು ಯಾರು?

ಕಾಡನ್ನು ಪ್ರೀತಿಸುವವರ ಮಾತಿಗೆ ಉತ್ತರವನ್ನು ದೀರ್ಘವಾಗಿ ಬರೆಯಬೇಕಾಗಿಲ್ಲ. ಗಾಯವನ್ನು ಮುಚ್ಚಿಕೊಳ್ಳಲಿ ಎನ್ನುವುದು ಒಳ್ಳೆಯ ಮನಸ್ಸೇ ಸರಿ. ಆದರೆ ಎಲ್ಲಿ ಹುಲ್ಲಿತ್ತು, ಎಲ್ಲಿ ಶೋಲೆಯಿತ್ತು ಎಂಬುದನ್ನು ತಿಳಿಯದೆ ಹುಲ್ಲಿನ ಗುಡ್ಡದಲ್ಲಿ ಮರ ನೆಟ್ಟು ಅರಣ್ಯವನ್ನು ಬೆಳೆಸಿದೆವೆಂದು ಹಿಗ್ಗುವುದು, ಬೋಳಾಗಿಯೇ ಹುಟ್ಟಿದವನಿಗೆ ಟೋಪನ್ ಹಾಕಿ ರೋಗ ವಾಸಿಮಾಡಿದೆವೆಂದ ಹಾಗಾಗುತ್ತದೆ.

ಉಳಿದವರು ಮೂರನೆಯವರು. ಇವರು ಯಾರೆಂಬುದನ್ನು ಈ ಪತ್ರಿಕೆಯನ್ನು ತರಿಸಿಕೊಳ್ಳುವ ಮನೆಗಳಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಕಾಫಿ ತೋಟದ ಮನೆಗಳ ಕಪಾಟುಗಳಲ್ಲಿ ಮೇಣಗಾಗದದ ಮೇಲೆ ಬರೆದ ತೋಟದ ನಕಾಶೆಗಳು ಮಡಿಸಿಟ್ಟಿರುವವು. ಅಜ್ಜನ ಕಾಲದ್ದು ಕೆಲವು, ಬಿಳಿಯ ದೊರೆಗಳಿಂದ ತೋಟವನ್ನು ಕೊಂಡಾಗ ಬಂದುದು ಕೆಲವು. ಅವನ್ನು ಹೊರಕ್ಕೆ ತೆಗೆಯಬಾರದೇಕೆ? ತೆಗೆದರೆ ಪತ್ರದಲ್ಲಿರುವ ಎಕರೆಗೂ ಬೇಲಿಯೊಳಗಿರುವ ಎಕರೆಗೂ ತಾಳೆಯಾಗದೆಂಬ ಅಂಜಿಕೆಯಿಂದ. ಗೋಮಾಳದ ಅಂಚು, ಸೊಪ್ಪಿನಬೆಟ್ಟದ ಅಂಚು, ಕಾನಿನ ಅಂಚು ವರ್ಷಕ್ಕೊಂದು ಸಾಲು ಗಿಡದಂತೆ ಹಿಂದೆ ಸರಿದ ಕಥೆಯು ಮಲೆನಾಡಿನಲ್ಲಿ ಯಾರಿಗೆ ತಿಳಿಯದು? ಗಣಿಯವರು ಗುಡ್ಡ ತಿಂದರೆಂದು ಸಭೆಗಳಲ್ಲಿ ಗುಡುಗಿದ ಕಂಠಗಳೇ ತಮ್ಮ ತೋಟದ ಸರ್ವೆಯ ಮಾತು ಬಂದಾಗ ತಗ್ಗುವುದುಂಟು. ಕುದುರೆಮುಖದ ನಕಾಶೆಯನ್ನು ಕೇಳಿದರೆ ನಾಳೆ ಆಲ್ದೂರಿನದನ್ನೂ, ಬಾಳೂರಿನದನ್ನೂ ಕೇಳಿಯಾರೆಂಬ ಲೆಕ್ಕವು ಅವರದು. ಲೆಕ್ಕವೇನೋ ಸರಿಯಾದುದೇ.

ಆದರೆ ಈ ಅಂಜಿಕೆಯಿಂದ ಕೆಡುವವರು ಬೇರೆಯವರು. ನೂರಾರು ಎಕರೆಯವನಿಗೆ ವಕೀಲನಿರುವನು, ಸರ್ವೆಯವನು ಮನೆಗೆ ಬರುವನು. ಒತ್ತುವರಿಯಾದ ಸರಕಾರಿ ಭೂಮಿಯನ್ನು 25 ಎಕರೆಯವರೆಗೆ 30 ವರ್ಷಕ್ಕೆ ತೋಟದವರಿಗೇ ಗುತ್ತಿಗೆ ಕೊಡುವ ಕಾನೂನೂ ಬಂದಿದೆ. ಗೊತ್ತಾದ ದಿನಾಂಕಕ್ಕೆ ಮೊದಲೇ ಒತ್ತಿದ್ದನೆಂದು ತೋರಿಸಬಲ್ಲವನಿಗೆ ಅದು ಅನುಕೂಲ. ಎರಡು ಎಕರೆಯ ಸಾಗುವಳಿದಾರನಿಗಾದರೋ ಅರಣ್ಯ ಇಲಾಖೆಯ ಗೆರೆಯೊಂದು, ಕಂದಾಯ ಇಲಾಖೆಯ ಗೆರೆಯೊಂದು, ಎರಡರ ನಡುವೆ ಅವನ ಒಲೆ. ಎರಡು ಗೆರೆಗಳಲ್ಲಿ ಯಾವುದು ಹಳೆಯದು, ಯಾವುದನ್ನು ಮೇಜಿನ ಮೇಲೆ ಎಳೆದರು, ಯಾವುದನ್ನು ನೆಲದ ಮೇಲೆ ನಡೆದು ಎಳೆದರು ಎಂಬುದನ್ನು ತೋರಿಸುವ ಕಾಗದವೇ ಅವನ ವಕೀಲ. ದೊಡ್ಡವರ ಹತ್ತು ಎಕರೆ ಹೊರಬೀಳುವುದೆಂದು ಚಿಕ್ಕವರ ಎರಡು ಎಕರೆಯ ಸಾಕ್ಷಿಯನ್ನು ಕಪಾಟಿನಲ್ಲಿ ಹೂಳಿಡುವುದಕ್ಕೆ ಮರ್ಯಾದಸ್ಥರ ಭಾಷೆಯಲ್ಲಿ ಏನೆಂದು ಹೆಸರು? ಲಕ್ಯಾದ ಕಣಿವೆಯಲ್ಲಿ ಹೂಳಿಟ್ಟವರನ್ನು ಬೈಯುವುದು ಸುಲಭವು.

ಹಳೆಯ ನಕಾಶೆಯು ವೇದವೆಂದು ಯಾರೂ ಹೇಳುತ್ತಿಲ್ಲ. ಜಿಗಣೆಯ ಮಳೆಗಾಲದಲ್ಲಿ ಪ್ರತಿಯೊಂದು ಕಣಿವೆಗೂ ಮೋಜಣಿದಾರನು ಇಳಿದನೆಂದು ನಂಬುವಂತಿಲ್ಲ. ಎದುರಿನ ಗುಡ್ಡದಲ್ಲಿ ನಿಂತು ಕಣ್ಣಳತೆಯಿಂದ ಬರೆದುದೂ ಉಂಟು. ಕಂದಾಯಕ್ಕಾಗಿ ಅಳೆದವನು ಕಂದಾಯ ಬಾರದ ನೆಲವನ್ನು ಖರಾಬೆಂದು ಬರೆದು ಮುಂದಕ್ಕೆ ಹೋದನು. ಆ ಖರಾಬಿನಲ್ಲಿಯೇ ಮಲೆಕುಡಿಯನು ಜೇನು ತೆಗೆದು ಬಾಳುತ್ತಿದ್ದನು. ಅಳೆದವರೆಲ್ಲರೂ ಏನನ್ನೋ ಒಯ್ಯುವ ಉದ್ದೇಶದಿಂದಲೇ ಅಳೆದರು: ಮೊದಲು ತೆರಿಗೆ, ಆಮೇಲೆ ಮರ, ಆಮೇಲೆ ಅದಿರು. ಇದು ನಕಾಶೆಯನ್ನು ಬಚ್ಚಿಡಲು ಕಾರಣವಾಗದು. ಊರವರೊಡನೆ ಕುಳಿತು ತಿದ್ದಿ ಓದಲು ಕಾರಣವಾಗುತ್ತದೆ.

ಮಾಡತಕ್ಕ ಕೆಲಸವು ಹೆಚ್ಚೇನೂ ಇಲ್ಲ. ಗಣಿಗೆ ಮೊದಲಿನ ಮೈಲಿಗೊಂದು ಅಂಗುಲದ ಹಾಳೆಗಳ ಪ್ರತಿಯನ್ನು ಸರ್ವೆ ಆಫ್ ಇಂಡಿಯಾದಿಂದ ಕೇಳಿ ಪಡೆಯುವುದು. ಕಳಸ, ಸಂಸೆ ಸೀಮೆಯ ಗ್ರಾಮನಕಾಶೆಗಳ ನಕಲನ್ನು ಭೂದಾಖಲೆಗಳ ಕಚೇರಿಯಿಂದ ತೆಗೆಸುವುದು. ಗಣಿಯ ಆರಂಭದ ಮತ್ತು ಮುಕ್ತಾಯದ ನಕಾಶೆಗಳಿಗೆ ಮಾಹಿತಿ ಹಕ್ಕಿನ ಕಾನೂನಿನಂತೆ ಅರ್ಜಿ ಹಾಕುವುದು. ತೋಟದ ಮನೆಗಳವರು ತಮ್ಮ ಕಪಾಟನ್ನು ತಾವೇ ತೆರೆಯುವುದು. ಇವೆಲ್ಲವನ್ನೂ ಜಿಲ್ಲೆಯ ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ, ಕೇಳಿದವರಿಗೆ ಇಲ್ಲವೆನ್ನದಂತೆ ಇಡುವುದು. ಹೆಸರುಗಳ ಕೆಲಸಕ್ಕೆ ಮಾತ್ರ ತಡಮಾಡುವಂತಿಲ್ಲ. 1976ರಲ್ಲಿ ಇಪ್ಪತ್ತೈದು ವಯಸ್ಸಾಗಿದ್ದು, ಲಕ್ಯಾದ ಕಣಿವೆಯಲ್ಲಿ ದನ ಮೇಯಿಸಿದವರೋ ಗದ್ದೆ ಉತ್ತವರೋ ಈಗ ಎಪ್ಪತ್ತೈದರ ಆಸುಪಾಸಿನಲ್ಲಿರುವರು. ಸಂಸೆಯ ಯಾವುದಾದರೂ ಜಗಲಿಯ ಮೇಲೆ ಆ ಹಾಳೆಯನ್ನು ಹರಡಿ, ಹೂಳಿನ ಕೆಳಗಿರುವ ನೀಲಿ ಗೆರೆಗಳನ್ನು ಒಂದೊಂದಾಗಿ ತೋರಿಸಿ, “ಅಜ್ಜಾ, ಈ ಹಳ್ಳಕ್ಕೆ ಏನೆನ್ನುತ್ತಿದ್ದಿರಿ?” ಎಂದು ಕೇಳಿ ಬರೆದುಕೊಳ್ಳುವುದಕ್ಕೆ ಈ ಸಲದ ಮಳೆಗಾಲ ಕಳೆದು ದಾರಿ ಒಣಗಿದರೆ ಸಾಕು.